ಸಕ್ಕರೆ ಹಡಗು ಬಾರದ ವರ್ಷಗಳಲ್ಲಿ ದ್ರಾಕ್ಷಿಪಾಕ

1806ರ ನವೆಂಬರ್ 21ರಂದು ಬರ್ಲಿನ್ ನಗರದಲ್ಲಿ ಕುಳಿತು ನೆಪೋಲಿಯನ್ ಒಂದು ಆಜ್ಞೆ ಹೊರಡಿಸಿದ. ಅವನ ಹಿಡಿತದಲ್ಲಿದ್ದ ಯುರೋಪಿನ ಯಾವ ಬಂದರಿಗೂ ಇಂಗ್ಲೆಂಡಿನ ಸರಕು ಇಳಿಯಕೂಡದು ಎಂಬುದು ಅದರ ಸಾರ. ಹಿಂದಿನ ವರ್ಷವಷ್ಟೇ ಟ್ರಫಾಲ್ಗರ್ ಕಾಳಗದಲ್ಲಿ ಅವನ ನೌಕಾಬಲ ಮುರಿದುಬಿದ್ದಿತ್ತು. ಸಮುದ್ರದಲ್ಲಿ ಗೆಲ್ಲಲಾಗದವನು ವ್ಯಾಪಾರದಲ್ಲಿ ಕತ್ತು ಹಿಸುಕಲು ಹೊರಟ. ಪೆಟ್ಟು ಮಾತ್ರ ಎರಡೂ ಕಡೆಗೆ ಬಿತ್ತು. ಕಾಫಿ, ನೀಲಿ, ಹತ್ತಿ, ಎಲ್ಲಕ್ಕಿಂತ ಹೆಚ್ಚಾಗಿ ಸಕ್ಕರೆ, ಫ್ರಾನ್ಸಿನ ಪೇಟೆಗಳಲ್ಲಿ ಕೈಗೆಟುಕದ ವಸ್ತುಗಳಾದವು.

ನಿಜ ಹೇಳಬೇಕೆಂದರೆ ಫ್ರಾನ್ಸಿನ ಸಕ್ಕರೆಯ ಕೊರತೆ ಶುರುವಾದದ್ದು ಅದಕ್ಕೂ ಮೊದಲು. ಕೆರಿಬಿಯನ್ ಸಮುದ್ರದ ಸಾಂ ದೊಮಿಂಗ್ ಎಂಬ ವಸಾಹತಿನಿಂದ ಅದಕ್ಕೆ ಕಬ್ಬಿನ ಸಕ್ಕರೆ ಬರುತ್ತಿತ್ತು. ಅಲ್ಲಿ ಸುಮಾರು 5 ಲಕ್ಷ ಆಫ್ರಿಕನ್ ಗುಲಾಮರು ದುಡಿಯುತ್ತಿದ್ದರು. 1791ರಲ್ಲಿ ಅವರು ದಂಗೆ ಎದ್ದರು. 1804ರ ಜನವರಿ 1ರಂದು ಆ ನಾಡು ಹೈಟಿ ಎಂಬ ಸ್ವತಂತ್ರ ದೇಶವಾಯಿತು. ಪ್ಯಾರಿಸ್ಸಿನ ಶ್ರೀಮಂತರ ಕಾಫಿ ಬಟ್ಟಲಿನ ಸಿಹಿ ಯಾರ ಬೆವರಿನಿಂದ ಬಂದದ್ದು ಎಂಬುದು ಅದು ನಿಂತುಹೋದಾಗಲೇ ಹಲವರಿಗೆ ಹೊಳೆದದ್ದು. ಸಕ್ಕರೆ ಎಂಬ ಹೆಸರು ಹೋದದ್ದು ನಮ್ಮ ಕಡೆಯಿಂದಲೇ ಎಂಬುದನ್ನೂ ಇಲ್ಲೇ ನೆನೆಯಬಹುದು. ಸಂಸ್ಕೃತದ ಶರ್ಕರಾ ಪಾರಸಿಯಲ್ಲಿ ಶಕರ್, ಅರಬಿಯಲ್ಲಿ ಸುಕ್ಕರ್, ಫ್ರೆಂಚಿನಲ್ಲಿ ಸುಕ್ರ್ ಆಯಿತು.

ಈಗ ಪ್ರಶ್ನೆ: ಕಬ್ಬು ಬೆಳೆಯದ ದೇಶ ಸಿಹಿಯನ್ನು ಎಲ್ಲಿಂದ ತರಬೇಕು?

ಉತ್ತರ ಹುಡುಕಲು ಹೊರಟವರಲ್ಲಿ ಮುಖ್ಯನಾದವನು ಆಂತ್ವಾನ್ ಪಾರ್ಮಾಂತಿಯೆ. 1737ರಲ್ಲಿ ಹುಟ್ಟಿದ ಈತ ಸೈನ್ಯದ ಔಷಧಿ ತಯಾರಕ. ಯುವಕನಾಗಿದ್ದಾಗ ಪ್ರಷ್ಯದ ಸೆರೆಯಲ್ಲಿ ಆಲೂಗಡ್ಡೆ ತಿಂದು ಬದುಕಿ, ಊರಿಗೆ ಮರಳಿದ ಮೇಲೆ ಫ್ರೆಂಚರಿಗೆ ಆಲೂಗಡ್ಡೆ ತಿನ್ನುವುದನ್ನು ಕಲಿಸಿದವನು ಎಂದು ಪ್ರಸಿದ್ಧ. ಎಪ್ಪತ್ತು ದಾಟಿದ ವಯಸ್ಸಿನಲ್ಲಿ ಅವನ ಕಣ್ಣು ದ್ರಾಕ್ಷಿಯ ಮೇಲೆ ಬಿತ್ತು. ದಕ್ಷಿಣ ಫ್ರಾನ್ಸಿನ ಬಿಸಿಲಿನಲ್ಲಿ ಮಾಗಿದ ದ್ರಾಕ್ಷಿಗೆ ಬರವಿರಲಿಲ್ಲ. ಅದರ ರಸವನ್ನು ಕಾಯಿಸಿ ಗಟ್ಟಿ ಮಾಡುವುದು ಹಳ್ಳಿಯ ಹೆಂಗಸರಿಗೆ ಹೊಸದೂ ಅಲ್ಲ. ಹೊಸದಾಗಿದ್ದದ್ದು, ಅದು ಹುಳಿಯಾಗದಂತೆ, ಸೀಯದಂತೆ, ಸಕ್ಕರೆಯ ಬದಲಿಗೆ ಬಳಸುವಂತೆ ಮಾಡುವ ಬಗೆ. 1808ರ ನಂತರ ಪಾರ್ಮಾಂತಿಯೆ ಇದರ ಬಗ್ಗೆ ಒಂದಾದ ಮೇಲೊಂದು ಪುಸ್ತಕ ಬರೆದ. ಮನೆಯವರು, ಆಸ್ಪತ್ರೆಯವರು, ತೋಟದವರು ತಾವೇ ಮಾಡಿಕೊಳ್ಳಲಿ ಎಂಬುದು ಅವನ ಹಟ.

ಅವನ ವಿಧಾನವನ್ನು ನಮ್ಮ ಆಲೆಮನೆಯ ಪಕ್ಕದಲ್ಲಿಟ್ಟು ನೋಡಿದರೆ ಬೇಗ ಅರ್ಥವಾಗುತ್ತದೆ. ಮೊದಲು ದ್ರಾಕ್ಷಿಯನ್ನು ಹಿಂಡಿ ರಸ ತೆಗೆಯಬೇಕು. ರಸ ಬಹಳ ಹೊತ್ತು ಇದ್ದರೆ ಹುದುಗಿ ಮದ್ಯವಾಗುತ್ತದೆ. ಕೂಡಲೇ ಕಾಯಿಸಲು ಆಗದಿದ್ದರೆ ಪೀಪಾಯಿಯೊಳಗೆ ಗಂಧಕ ಸುಟ್ಟು, ಆ ಹೊಗೆ ತುಂಬಿದ ಪೀಪಾಯಿಗೆ ರಸ ಸುರಿಯುತ್ತಿದ್ದರು, ಹುದುಗುವಿಕೆ ತಡೆಯುತ್ತಿತ್ತು. ಆಮೇಲೆ ಹುಳಿಯ ಕಾಟ. ದ್ರಾಕ್ಷಿಯಲ್ಲಿ ಟಾರ್ಟಾರಿಕ್ ಆಮ್ಲವಿದೆ. ರಸ ನಾಲ್ಕರಲ್ಲೊಂದು ಪಾಲಿಗೆ ಇಂಗಿದಾಗ ಸಿಹಿಯಂತೆ ಹುಳಿಯೂ ನಾಲ್ಕು ಪಟ್ಟಾಗುತ್ತದಲ್ಲ! ಅದಕ್ಕೆ ಬೆಚ್ಚಗಿನ ರಸಕ್ಕೆ ಸೀಮೆಸುಣ್ಣದ ಕಲ್ಲಿನ ಅಥವಾ ಅಮೃತಶಿಲೆಯ ನುಣ್ಣನೆಯ ಪುಡಿ ಹಾಕುತ್ತಿದ್ದರು. ಎರಡೂ ಕ್ಯಾಲ್ಸಿಯಂ ಕಾರ್ಬೊನೇಟೇ. ಹಾಕಿದೊಡನೆ ಬುಸ್ಸೆಂದು ನೊರೆ ಉಕ್ಕುತ್ತದೆ, ಇಂಗಾಲದ ಡೈಆಕ್ಸೈಡು ಹೊರಡುತ್ತದೆ, ಹುಳಿಯು ಕ್ಯಾಲ್ಸಿಯಂ ಟಾರ್ಟ್ರೇಟ್ ಆಗಿ ತಳಕ್ಕೆ ಕೂರುತ್ತದೆ. ನೊರೆ ನಿಂತಿತೆಂದರೆ ಪುಡಿ ಸಾಕು ಎಂದು ಲೆಕ್ಕ. (ಕಿರುತೆರೆಗೆ ಹೇಳಿ ಮಾಡಿಸಿದ ದೃಶ್ಯ ಇದು, ಬರೆದು ತೋರಿಸುವುದು ಕಷ್ಟ.) ಕೊನೆಗೆ ತಿಳಿ ರಸಕ್ಕೆ ಮೊಟ್ಟೆಯ ಬಿಳಿಭಾಗವನ್ನು ಕಡೆದು ಹಾಕಿ ಕುದಿಸಿದರೆ ಅದು ಹೆಪ್ಪುಗಟ್ಟುತ್ತಾ ಕಸವನ್ನೆಲ್ಲ ಹಿಡಿದುಕೊಂಡು ಮೇಲೆ ತೇಲುತ್ತದೆ. ನಮ್ಮ ಆಲೆಮನೆಗಳಲ್ಲಿ ಕಬ್ಬಿನ ಹಾಲಿಗೆ ಸುಣ್ಣ ಹಾಕುವುದು, ಬೆಂಡೆಗಿಡದ ಲೋಳೆ ಬಿಟ್ಟು ಮಡ್ಡಿ ತೆಗೆಯುವುದು ಇದೇ ಎರಡು ಕೆಲಸಗಳಿಗೆ. ಟರ್ಕಿಯ ಹಳ್ಳಿಗರು ಯಾವ ರಸಾಯನ ಪುಸ್ತಕವನ್ನೂ ಓದದೆ ತಮ್ಮ ಪೆಕ್ಮೆಜ್ ಎಂಬ ದ್ರಾಕ್ಷಿಪಾಕಕ್ಕೆ ಒಂದು ಬಗೆಯ ಬಿಳಿ ಮಣ್ಣು ಬೆರೆಸುತ್ತಾ ಬಂದಿದ್ದಾರೆ. ಆ ಮಣ್ಣಿನಲ್ಲಿ ಹೆಚ್ಚಿಗೆ ಇರುವುದು ಇದೇ ಕ್ಯಾಲ್ಸಿಯಂ ಕಾರ್ಬೊನೇಟ್.

ಪಾತ್ರೆಯ ವಿಷಯ ಬಂದಾಗ ಇನ್ನೂ ಹಿಂದಕ್ಕೆ ಹೋಗಬೇಕು. ದ್ರಾಕ್ಷಿಪಾಕವನ್ನು ಬಹಳವಾಗಿ ಬಳಸಿದವರು ಪ್ರಾಚೀನ ರೋಮನ್ನರು. ಸಾಪಾ, ಡೆಫ್ರುಟಮ್ ಎಂದು ಅದಕ್ಕೆ ಹೆಸರು. ಅದು ಅಡುಗೆಗೂ ಬೇಕು, ಹಣ್ಣು ಕೆಡದಂತೆ ಇಡಲೂ ಬೇಕು, ಹುಳಿ ಮದ್ಯವನ್ನು ಸರಿಪಡಿಸಲೂ ಬೇಕು. ಕ್ರಿ.ಶ. ಒಂದನೆಯ ಶತಮಾನದ ಕೃಷಿ ಲೇಖಕ ಕೊಲುಮೆಲ್ಲ ಈ ಪಾಕವನ್ನು ಕಂಚಿನ ಪಾತ್ರೆಯಲ್ಲಿ ಕಾಯಿಸಬೇಡಿ, ಕಿಲುಬು ಬಿಟ್ಟು ರುಚಿ ಕೆಡುತ್ತದೆ, ಸೀಸದ ಪಾತ್ರೆಯಲ್ಲಿ ಕಾಯಿಸಿ ಎಂದು ಉಪದೇಶಿಸಿದ. ರುಚಿಯ ಮಟ್ಟಿಗೆ ಅವನ ಮಾತು ಸರಿ. ಹಣ್ಣಿನ ಆಮ್ಲಗಳು ಸೀಸವನ್ನು ಕರಗಿಸುತ್ತವೆ. ಅದರಿಂದಾಗುವ ಸೀಸದ ಅಸಿಟೇಟ್ ನಾಲಿಗೆಗೆ ಸಿಹಿಯೇ. ಅದಕ್ಕೆ 'ಸೀಸದ ಸಕ್ಕರೆ' ಎಂಬ ಹೆಸರೇ ಇದೆ. ಆ ಹಳೆಯ ವಿಧಾನವನ್ನು ಅನುಸರಿಸಿ ನಮ್ಮ ಕಾಲದ ವಿಜ್ಞಾನಿಗಳು ಪಾಕ ಮಾಡಿ ಅಳೆದಾಗ ಒಂದು ಲೀಟರಿನಲ್ಲಿ ನೂರಾರು ಮಿಲಿಗ್ರಾಂ ಸೀಸ ಸಿಕ್ಕಿತು. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಹಾಕಿರುವ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಹೊಟ್ಟೆನುಲಿತ, ಕೈಕಾಲು ಸೋಲುವುದು, ಬುದ್ಧಿ ಮಂಕಾಗುವುದು ಸೀಸದ ವಿಷದ ಲಕ್ಷಣಗಳು. ಅದರಲ್ಲೂ ಬೆಳೆಯುವ ಮಕ್ಕಳಿಗೆ ಅಪಾಯ ಹೆಚ್ಚು.

ರೋಮ್ ಸಾಮ್ರಾಜ್ಯ ಉರುಳಿದ್ದೇ ಈ ಪಾಕದಿಂದ ಎಂಬ ಮಾತು 1983ರ ಹೊತ್ತಿಗೆ ಬಹಳ ಪ್ರಚಾರ ಪಡೆಯಿತು. ಕೇಳಲು ಚೆನ್ನಾಗಿದೆ, ಆದರೆ ನನಗೆ ಒಪ್ಪಿಗೆಯಿಲ್ಲ. ಅದೇ ಸಾಮ್ರಾಜ್ಯದ ಪೂರ್ವ ಭಾಗ 1453ರವರೆಗೂ ಬಾಳಿತಲ್ಲ! ಸಾಮ್ರಾಜ್ಯ ಬೀಳಲು ನೂರು ಕಾರಣ ಇರುತ್ತವೆ. ಆದರೆ ಆ ಅಡುಗೆಮನೆಗಳಲ್ಲಿ ಎಷ್ಟೋ ಜನ ಕಾರಣ ತಿಳಿಯದೆ ನರಳಿದರು ಎಂಬುದರಲ್ಲಿ ಅನುಮಾನವಿಲ್ಲ. ಈ ಪಾಠ ಬೇಗ ತಲೆಗೆ ಹತ್ತಲೂ ಇಲ್ಲ. 1690ರ ದಶಕದಲ್ಲಿ ಜರ್ಮನಿಯ ಉಲ್ಮ್ ನಗರದ ವೈದ್ಯ ಎಬರ್‌ಹಾರ್ಡ್ ಗೋಕೆಲ್, ಮಠದ ಸನ್ಯಾಸಿಗಳ ಹೊಟ್ಟೆನೋವಿಗೆ ಸೀಸ ಬೆರೆಸಿ ಸಿಹಿಗೊಳಿಸಿದ ಮದ್ಯವೇ ಕಾರಣವೆಂದು ಪತ್ತೆ ಮಾಡಿದ. ಮದ್ಯ ಕುಡಿಯದ ಸನ್ಯಾಸಿಗಳು ಆರೋಗ್ಯವಾಗಿದ್ದರು ಎಂಬ ಒಂದು ಸಣ್ಣ ಗಮನಿಕೆಯಿಂದ ಹೊರಟ ಶೋಧ ಅದು.

ಫ್ರಾನ್ಸಿಗೆ ಹಿಂದಿರುಗೋಣ. ಪಾಕವೇನೋ ಆಯಿತು, ಜನಕ್ಕೆ ಬೇಕಾದದ್ದು ಬಿಳಿಯ ಹರಳು. ಜೋಸೆಫ್ ಪ್ರೂಸ್ಟ್ ಎಂಬ ರಸಾಯನ ವಿಜ್ಞಾನಿ (ಸಂಯುಕ್ತಗಳ ಸ್ಥಿರಾನುಪಾತ ನಿಯಮವನ್ನು ಪಠ್ಯದಲ್ಲಿ ಓದಿದ್ದೀರಲ್ಲ, ಅವನೇ ಇವನು) ದ್ರಾಕ್ಷಿರಸದಿಂದ ಹರಳು ಸಕ್ಕರೆ ತೆಗೆಯುವ ಬಗ್ಗೆ ಕೆಲಸ ಮಾಡಿದ್ದ. ಕಾರ್ಖಾನೆ ತೆರೆಯಲು ನೆಪೋಲಿಯನ್ 1 ಲಕ್ಷ ಫ್ರಾಂಕ್ ಕೊಡುವುದಾಗಿ ಹೇಳಿದ. ಪ್ರೂಸ್ಟ್ ಒಪ್ಪಿಕೊಳ್ಳಲಿಲ್ಲ. ಬೇರೆಯವರು ಮುಂದೆ ಬಂದರು, ಪಾಕ ಪೇಟೆಗೆ ಬಂತು, ಆದರೂ ಕೊಳ್ಳುವವರ ಗೊಣಗಾಟ ನಿಲ್ಲಲಿಲ್ಲ.

ಕಾರಣ ದ್ರಾಕ್ಷಿಯ ಸಿಹಿಯಲ್ಲೇ ಇದೆ. ಕಬ್ಬಿನದು ಸುಕ್ರೋಸ್. ದ್ರಾಕ್ಷಿಯಲ್ಲಿರುವುದು ಗ್ಲೂಕೋಸ್ ಮತ್ತು ಫ್ರಕ್ಟೋಸ್, ಹೆಚ್ಚು ಕಡಿಮೆ ಸಮಪಾಲು. ಇವೆರಡರಲ್ಲಿ ಹೆಚ್ಚು ಸಿಹಿಯಾದದ್ದು ಫ್ರಕ್ಟೋಸ್, ಆದರೆ ಅದು ಸುಲಭವಾಗಿ ಹರಳಾಗದು. ಹರಳಾಗುವ ಗ್ಲೂಕೋಸಿನ ಸಿಹಿ ಕಬ್ಬಿನ ಸಕ್ಕರೆಯ ಮುಕ್ಕಾಲು ಪಾಲು ಮಾತ್ರ. ಹೀಗಾಗಿ ಕಷ್ಟಪಟ್ಟು ಬೆಳ್ಳಗೆ ಮಾಡಿದಷ್ಟೂ ಸಿಹಿ ಕಡಿಮೆ! ಪಾಕವಾಗಿಯೇ ಬಿಟ್ಟರೆ ಸಿಹಿ ಚೆನ್ನಾಗಿತ್ತು. ಆದರೆ ಅದಕ್ಕೆ ಬಣ್ಣ, ಹಣ್ಣಿನ ವಾಸನೆ. ಕಾಫಿಗೆ ಅದು ಒಗ್ಗುವುದಿಲ್ಲ ಎಂದರು.

ಇತ್ತ ಬೀಟ್ ಗಡ್ಡೆಯಲ್ಲಿ ಕಬ್ಬಿನ ಸುಕ್ರೋಸೇ ಇದೆಯೆಂದು ಜರ್ಮನಿಯ ಮಾರ್ಗ್ರಾಫ್ 1747ರಲ್ಲೇ ತೋರಿಸಿದ್ದ. 1811ರ ಮಾರ್ಚಿಯಲ್ಲಿ ನೆಪೋಲಿಯನ್ 32,000 ಹೆಕ್ಟೇರಿನಲ್ಲಿ ಬೀಟ್ ಬೆಳೆಯಲು ಆಜ್ಞೆ ಮಾಡಿದ. 1812ರ ಜನವರಿಯಲ್ಲಿ ಪ್ಯಾರಿಸ್ ಬಳಿಯ ಪಾಸಿಯಲ್ಲಿ ದೆಲೆಸೇರ್ ಎಂಬುವನ ಕಾರ್ಖಾನೆಗೆ ಹೋಗಿ ಬೀಟ್ ಸಕ್ಕರೆ ನೋಡಿ, ತನ್ನ ಎದೆಯ ಮೇಲಿದ್ದ ಪದಕವನ್ನೇ ತೆಗೆದು ಅವನಿಗೆ ತೊಡಿಸಿದನಂತೆ. ದ್ರಾಕ್ಷಿಪಾಕದ ಆಟ ಅಲ್ಲಿಗೆ ಮುಗಿಯಿತು. 1813ರ ಡಿಸೆಂಬರಿನಲ್ಲಿ ಪಾರ್ಮಾಂತಿಯೆ ತೀರಿಕೊಂಡ. ಮರುವರ್ಷ ನೆಪೋಲಿಯನ್ ಪಟ್ಟ ಕಳೆದುಕೊಂಡ. ವಸಾಹತುಗಳ ಸಕ್ಕರೆ ಮತ್ತೆ ಬಂದರಿಗೆ ಬಂತು.

ಅಡುಗೆಮನೆಗಳಲ್ಲಿ ಮಾತ್ರ ಪಾಕ ಉಳಿದುಕೊಂಡಿದೆ. ಇಟಲಿಯಲ್ಲಿ ಅದು ಸಾಬಾ, ಹಳೆಯ ಸಾಪಾ ಎಂಬ ಹೆಸರಿನದೇ ರೂಪ. ಟರ್ಕಿಯಲ್ಲಿ ಪೆಕ್ಮೆಜನ್ನು ಅರೆದ ಎಳ್ಳಿನೊಂದಿಗೆ ಬೆರೆಸಿ ಬೆಳಗಿನ ತಿಂಡಿಗೆ ತಿನ್ನುತ್ತಾರೆ. ಅರಬ್ ನಾಡುಗಳಲ್ಲಿ ಇದೇ ಜಾಗ ಖರ್ಜೂರದ ಪಾಕಕ್ಕೆ. ಬಹ್ರೇನಿನ ಕೋಟೆಯ ಉತ್ಖನನದಲ್ಲಿ ಖರ್ಜೂರದ ಮೂಟೆಗಳನ್ನು ಪೇರಿಸಿ, ಅದರ ಭಾರಕ್ಕೇ ರಸ ಒಸರಿ ಕಾಲುವೆಗಳಲ್ಲಿ ಹರಿದು ಗಡಿಗೆಗೆ ಬೀಳುವಂತೆ ಕಟ್ಟಿದ ಪ್ರಾಚೀನ ಕೋಣೆಗಳು ಸಿಕ್ಕಿವೆ. ಅಲ್ಲಿ ಒಲೆಯೂ ಬೇಡ, ಸೀಸದ ಪಾತ್ರೆಯೂ ಬೇಡ.

ಈಗ ಅಂಗಡಿಗಳಲ್ಲಿ ಹಣ್ಣಿನ ಪಾನೀಯದ ಪೆಟ್ಟಿಗೆಗಳ ಮೇಲೆ 'ಸಕ್ಕರೆ ಸೇರಿಸಿಲ್ಲ' ಎಂದು ಬರೆದಿರುತ್ತದೆ. ಎಷ್ಟೋ ವೇಳೆ ಒಳಗಿರುವುದು ಪಾರ್ಮಾಂತಿಯೆಯ ಪಾಕದ ಮರಿಮಕ್ಕಳೇ, ಅಂದರೆ ಇಂಗಿಸಿದ ಹಣ್ಣಿನ ರಸ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ ಜೇನು, ಪಾಕ, ಹಣ್ಣಿನ ರಸ ಇವುಗಳ ಸಿಹಿಯನ್ನು ಸಕ್ಕರೆಯ ಲೆಕ್ಕಕ್ಕೇ ಸೇರಿಸಿದೆ. ದಿನದ ಆಹಾರದ ಶಕ್ತಿಯಲ್ಲಿ ಇವೆಲ್ಲ ಸೇರಿ ಶೇಕಡ 10ಕ್ಕಿಂತ ಕಡಿಮೆ ಇರಬೇಕು ಎಂಬುದು ಅದರ ಸಲಹೆ. ಇಡೀ ದ್ರಾಕ್ಷಿ ತಿಂದರೆ ಈ ಲೆಕ್ಕವಿಲ್ಲ.

ಮಾಡಿ ನೋಡುವ ಆಸೆಯಾದರೆ ಮನೆಯಲ್ಲಿ ದೊಡ್ಡವರೊಬ್ಬರನ್ನು ಜೊತೆಗಿಟ್ಟುಕೊಳ್ಳಿ. ವಿಜಯಪುರದ ಕಡೆಯ ಸಿಹಿ ದ್ರಾಕ್ಷಿ ಪೇಟೆಗೆ ಬರುವ ಬೇಸಿಗೆಯ ಆರಂಭ ಒಳ್ಳೆಯ ಕಾಲ. ಒಂದು ಕಿಲೋ ಹಣ್ಣನ್ನು ತೊಳೆದು, ಕಿವುಚಿ, ತೆಳು ಬಟ್ಟೆಯಲ್ಲಿ ಸೋಸಿ. ಸ್ಟೀಲಿನ ಅಗಲ ಪಾತ್ರೆಯಲ್ಲಿ ಸಣ್ಣ ಉರಿಯ ಮೇಲಿಟ್ಟು ನೊರೆ ತೆಗೆಯುತ್ತಾ ನಾಲ್ಕರಲ್ಲೊಂದು ಪಾಲಿಗೆ ಇಂಗಿಸಿ. ಅಲ್ಯೂಮಿನಿಯಂ, ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆ ಬೇಡ. ಹಣ್ಣು ಚೆನ್ನಾಗಿ ಮಾಗಿದ್ದರೆ ಹುಳಿ ತೆಗೆಯುವ ಪುಡಿಯೂ ಬೇಡ. ಕಪ್ಪುಹಲಗೆಯ ಸೀಮೆಸುಣ್ಣವನ್ನಂತೂ ಹಾಕಲೇಬೇಡಿ. ಅದು ಹೆಸರಿಗಷ್ಟೇ ಸುಣ್ಣ, ಸಾಮಾನ್ಯವಾಗಿ ಜಿಪ್ಸಂನಿಂದ ಮಾಡಿದ್ದು. ಎಲೆಅಡಿಕೆಯ ಸುಣ್ಣವೂ ಬೇರೆಯೇ ವಸ್ತು. ಮಲೆನಾಡಿನ ಜೋನಿಬೆಲ್ಲದಷ್ಟು ಮಂದವಾದಾಗ ಇಳಿಸಿ. ಆರಿದ ಮೇಲೆ ಇನ್ನಷ್ಟು ಗಟ್ಟಿಯಾಗುತ್ತದೆ. ಕಾರ್ಯಕ್ರಮಕ್ಕಾಗಿ ನಾವು ಮಾಡಿದಾಗ ಒಂದು ಕಿಲೋ ಹಣ್ಣಿಗೆ ಸಣ್ಣ ಬಟ್ಟಲು ತುಂಬುವಷ್ಟು, 200 ಗ್ರಾಮಿಗೂ ಕಡಿಮೆ ಪಾಕ ಬಂತು.

ಬಾಟಲಿಗೆ ಹಾಕಿ ತಂಪಿನಲ್ಲಿಟ್ಟು ಕೆಲವು ವಾರಗಳೊಳಗೆ ಬಳಸಿ. ಅಷ್ಟರಲ್ಲಿ ತಳದಲ್ಲಿ ಮರಳಿನಂಥ ಬಿಳಿ ಕಣಗಳು ಕೂತಿರಬಹುದು. ಹಳೆಯ ಒಣದ್ರಾಕ್ಷಿಯನ್ನು ಕಚ್ಚಿದಾಗ ಹಲ್ಲಿಗೆ ಸಿಗುವಂಥವು. ಬಾಟಲಿಯನ್ನು ಬೆಚ್ಚಗಿನ ನೀರಿನಲ್ಲಿಟ್ಟರೆ ಅವು ಕರಗುತ್ತವೆ. ಪ್ರೂಸ್ಟ್ ಹಿಂದೆ ಬಿದ್ದಿದ್ದ ದ್ರಾಕ್ಷಿ ಸಕ್ಕರೆ ಅದೇ.