ಮಡಿಲು ತುಂಬಿದವರು, ಮೈಲಿಗೆ ಹೊತ್ತವರು: ಚೊಚ್ಚಲ ಬಸಿರಿನ ಚರಿತ್ರೆ

ನಮ್ಮ ಚರಿತ್ರೆಯ ಪುಸ್ತಕಗಳಲ್ಲಿ ರಾಜರು ಹುಟ್ಟುತ್ತಾರೆ, ಪಟ್ಟಕ್ಕೆ ಬರುತ್ತಾರೆ, ಸಾಯುತ್ತಾರೆ. ಅವರನ್ನು ಹೆತ್ತವಳ ಹೆಸರು ಎಲ್ಲೋ ಒಂದು ಕಡೆ ಬಂದೀತು. ಆದರೆ ಹೆರುವವಳ ಕಾಲ ಬುಡದಲ್ಲಿ ಕೂತು, ಜಾರಿ ಬಂದ ಕೂಸನ್ನು ಅಂಗೈಯಲ್ಲಿ ಹಿಡಿದು, ಹೊಕ್ಕುಳ ಬಳ್ಳಿ ಕೊಯ್ದವಳು ಯಾರು? ಆಕೆಯ ಹೆಸರನ್ನು ನಾವು ಓದಿದ ಯಾವ ಪಠ್ಯಪುಸ್ತಕವೂ ಹೇಳಿಕೊಡಲಿಲ್ಲ.

ಬಸಿರು, ಹೆರಿಗೆ, ಬಾಣಂತನ ಇವೆಲ್ಲ ‘ಹೆಂಗಸರ ವಿಷಯ’, ಒಳಮನೆ ಮಾತು ಅಂತ ಓದಿದ ಗಂಡಸರು ಪಕ್ಕಕ್ಕಿಟ್ಟರು. ನಮ್ಮ ಚಳವಳಿಗಳೂ ಇದನ್ನು ಅಷ್ಟಾಗಿ ಮುಟ್ಟಲಿಲ್ಲ. ಆದರೆ ಒಂದು ಹೆಣ್ಣು ಮೊದಲ ಸಲ ಬಸಿರಾದಾಗ ಆಕೆಗೆ ಉಣ್ಣೋದಕ್ಕೆ ಏನು ಸಿಗುತ್ತೆ, ಎಷ್ಟು ದಿನ ವಿಶ್ರಾಂತಿ ಸಿಗುತ್ತೆ, ಯಾರ ಕೈ ಆಕೆಯನ್ನು ಮುಟ್ಟುತ್ತೆ? ಈ ಮೂರು ಪ್ರಶ್ನೆಗೂ ಈ ದೇಶದಲ್ಲಿ ಉತ್ತರ ಹೇಳುವುದು ಜಾತಿ ಮತ್ತು ಕೂಲಿ. ಬೆಂಗಳೂರಿನ ದಕ್ಷಿಣ ಭಾಗವನ್ನು ಕಣ್ಣ ಮುಂದೆ ಇಟ್ಟುಕೊಂಡು ಇದನ್ನು ನೋಡೋಣ.

*

ಚೊಚ್ಚಲ ಬಸಿರು ಅಂದರೆ ನಮ್ಮಲ್ಲಿ ಸಡಗರ. ಐದರಲ್ಲೋ ಏಳರಲ್ಲೋ ಒಂಬತ್ತರಲ್ಲೋ ಹಸಿರು ಬಳೆ ತೊಡಿಸಿ, ಹೂ ಮುಡಿಸಿ, ಅಕ್ಕಿ, ಕೊಬ್ಬರಿ, ಬೆಲ್ಲ, ಹಣ್ಣು ಹಾಕಿ ಮಡಿಲು ತುಂಬುತ್ತಾರೆ. ಉತ್ತರ ಕರ್ನಾಟಕದ ಕಡೆ ಇದನ್ನೇ ಕುಬಸ ಅಂತಾರೆ. ಬಸುರಿ ಬಯಸಿದ್ದನ್ನು ಮಾಡಿ ಹಾಕಬೇಕು, ಮೊದಲ ಹೆರಿಗೆ ತವರಲ್ಲೇ ಆಗಬೇಕು. ಇದರೊಳಗೆ ದುಡಿಯುವ ಹೆಂಗಸರ ವಿವೇಕ ಇದೆ. ಅತ್ತೆ ಮನೆಯಲ್ಲಿ ಬೀಸಿ, ಕುಟ್ಟಿ, ನೀರು ಹೊತ್ತು ಸವೆದ ಸೊಸೆಗೆ ಕೆಲವು ತಿಂಗಳಾದರೂ ಬಿಡುಗಡೆ ಸಿಗಲಿ ಅನ್ನೋ ವಿವೇಕ.

ಗೃಹ್ಯಸೂತ್ರಗಳು ಹೇಳುವ ಸಂಸ್ಕಾರಗಳೇ ಬೇರೆ. ಪುಂಸವನದಲ್ಲಿ ಗಂಡು ಕೂಸೇ ಬೇಕು ಅಂತ ಬೇಡುತ್ತಾರೆ. ಸೀಮಂತೋನ್ನಯನದಲ್ಲಿ ಮಂತ್ರದೊಡನೆ ಗಂಡ ಹೆಂಡತಿಯ ಬೈತಲೆ ತೆಗೆಯುತ್ತಾನೆ. ಮಡಿಲು ತುಂಬೋದಕ್ಕೆ ಪುರೋಹಿತ ಬೇಕಿಲ್ಲ, ಮಂತ್ರ ಬೇಕಿಲ್ಲ, ಒಂದು ಸೇರು ಅಕ್ಕಿ ಸಾಕು. ಆದರೆ ಎರಡಕ್ಕೂ ಇವತ್ತು ‘ಸೀಮಂತ’ ಅನ್ನುವ ಒಂದೇ ಹೆಸರು ಅಂಟಿಕೊಂಡಿದೆ.

ಹಳೆಯದೆಲ್ಲ ಚಿನ್ನ ಅಂತಲೂ ನಾವು ಹೇಳೋದಿಲ್ಲ. ಹೆಚ್ಚು ತಿಂದರೆ ಕೂಸು ದಪ್ಪ ಆಗಿ ಹೆರಿಗೆ ಕಷ್ಟ ಅಂತ ಬಸುರಿಯ ಅನ್ನ ಕಡಿಮೆ ಮಾಡಿದ್ದೂ ನಮ್ಮ ಮನೆಗಳೇ, ಬಾಣಂತಿಗೆ ಬಾಯಾರಿದರೂ ಹೊಟ್ಟೆ ತುಂಬ ನೀರು ಕೊಡದವರೂ ನಾವೇ. ಬಸುರಿ ಮಣ್ಣು, ಬೂದಿ ತಿಂದರೆ ‘ಬಯಕೆ’ ಅಂತ ನಕ್ಕುಬಿಟ್ಟೆವು. ಮೈಯಲ್ಲಿ ಕಬ್ಬಿಣದ ಅಂಶ ಬತ್ತಿದಾಗಲೂ ಮಣ್ಣು ತಿನ್ನೋ ಆಸೆ ಹುಟ್ಟುತ್ತದೆ ಅನ್ನೋದು ಈಗ ಗೊತ್ತಿರುವ ಸಂಗತಿ. ಎಷ್ಟೋ ಸಲ ಆ ಬಯಕೆ ಹಸಿವಿನ ಇನ್ನೊಂದು ಹೆಸರು.

ಇನ್ನು ಈ ಸಡಗರದ ಮಗ್ಗುಲು ಬದಲಿಸಿ ನೋಡಿ. ನಿನ್ನೆ ಮಡಿಲು ತುಂಬಿಸಿಕೊಂಡವಳು ಇವತ್ತು ಹೆತ್ತ ಕೂಡಲೇ ಪುರುಡು! ಹತ್ತು ದಿನ ಆಕೆ ಮೈಲಿಗೆ, ಆಕೆಯ ಹಾಸಿಗೆ ಮೈಲಿಗೆ, ಆಕೆಯನ್ನು ಮುಟ್ಟಿದವರು ಮೈಲಿಗೆ. ಹಾಗಾದರೆ ಬಳ್ಳಿ ಕೊಯ್ಯೋರು ಯಾರು, ಮಾಸು ಹೂಳೋರು ಯಾರು, ನೆತ್ತರಿನ ಬಟ್ಟೆ ಒಗೆಯೋರು ಯಾರು? ಅದಕ್ಕೆ ಊರು ದಾರಿ ಕಂಡುಕೊಂಡಿತ್ತು. ಹಲವು ಕಡೆ ಹೊಲಗೇರಿಯ ಹೆಂಗಸರು, ಅಗಸರು, ಕ್ಷೌರಿಕರ ಮನೆಯ ಹೆಂಗಸರು ಈ ಕೆಲಸಕ್ಕೆ ಬಂದರು. ದಿನವೂ ಹಟ್ಟಿಯ ಬಾಗಿಲಲ್ಲೇ ನಿಲ್ಲಬೇಕಾದವಳು ಆ ಒಂದು ರಾತ್ರಿ ಒಳಕೋಣೆಗೆ ಬರಬಹುದಿತ್ತು. ಕೂಸು ಹೊರಬಂದ ಮೇಲೆ ನೀರು ಹೊಯ್ದು ಮನೆ ಶುದ್ಧ ಮಾಡಿಕೊಳ್ಳುತ್ತಿದ್ದರು. ಬದುಕಿಸಿದ ಕೈಯೇ ಮರುದಿನ ಮುಟ್ಟಬಾರದ ಕೈ!

*

1885ರಲ್ಲಿ ವೈಸರಾಯ್ ಹೆಂಡತಿ ಲೇಡಿ ಡಫರಿನ್ ಹೆಸರಲ್ಲಿ ಹೆಂಗಸರ ವೈದ್ಯಕೀಯಕ್ಕೆ ಒಂದು ನಿಧಿ ಶುರುವಾಯಿತು. ಹೆರಿಗೆ ಆಸ್ಪತ್ರೆಗಳು, ದಾದಿಯರ ತರಬೇತಿ ಬಂದವು. ಇದರಿಂದ ಜೀವಗಳು ಉಳಿದವು, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಅದರ ಜೊತೆಗೇ ಒಂದು ಮಾತು ಬೆಳೆಯಿತು: ತಾಯಂದಿರ ಸಾವಿಗೆಲ್ಲ ಸೂಲಗಿತ್ತಿಯ ಕೊಳಕೇ ಕಾರಣ. 1927ರಲ್ಲಿ ಅಮೆರಿಕದ ಕ್ಯಾಥರೀನ್ ಮೇಯೋ ‘ಮದರ್ ಇಂಡಿಯಾ’ ಬರೆದಾಗ ಈ ಸೂಲಗಿತ್ತಿಯ ಚಿತ್ರ ಲೋಕಕ್ಕೆಲ್ಲ ಹರಡಿತು. ದೇಶಭಕ್ತರು ಮೇಯೋಳನ್ನು ಉಗಿದರು. ಆದರೆ ಆಕೆಯನ್ನು ಉಗಿದವರೂ ಸೂಲಗಿತ್ತಿಯ ಕೊಳಕಿನ ಮಾತನ್ನು ಅಷ್ಟಾಗಿ ಅಲ್ಲಗಳೆಯಲಿಲ್ಲ. ಹೆರಿಗೆಯನ್ನೇ ಹೊಲಸು ಅಂತ ಕರೆದವರು ಯಾರು? ಕತ್ತಲೆ ಕೋಣೆ, ಹರಕು ಚಾಪೆ, ಹಳೆ ಬಟ್ಟೆ ಕೊಟ್ಟು ಕೆಲಸ ಮಾಡು ಅಂದವರು ಯಾರು? ಈ ಪ್ರಶ್ನೆ ಕೇಳಬೇಕಾಗಿತ್ತು.

ಮೈಸೂರು ಸಂಸ್ಥಾನ ಈ ವಿಷಯದಲ್ಲಿ ಮುಂದಿತ್ತು. 1930ರಲ್ಲಿ ಸರ್ಕಾರವೇ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆಯಲು ಆಜ್ಞೆ ಹೊರಡಿಸಿತು. ಆ ಕಾಲಕ್ಕೆ ಲೋಕದಲ್ಲೇ ಅದು ಹೊಸದು. 1935ರಲ್ಲಿ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಪಕ್ಕ ವಾಣಿವಿಲಾಸ ಆಸ್ಪತ್ರೆ ಶುರುವಾಯಿತು. ಇವತ್ತಿಗೂ ಸುತ್ತಲ ಜಿಲ್ಲೆಗಳ ಬಡ ಬಸುರಿಯರಿಗೆ ‘ವಾಣಿವಿಲಾಸಕ್ಕೆ ಬರೆದುಕೊಟ್ಟರು’ ಅಂದರೆ ಕೊನೆಯ ಆಸೆ.

ಆಸ್ಪತ್ರೆ ಮುಟ್ಟದ ಊರುಗಳಲ್ಲಿ ಕೆಲಸ ನಡೆಸಿದ್ದು ಸೂಲಗಿತ್ತಿಯರೇ. ಪಾವಗಡ ತಾಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ ಅಜ್ಜಿಯಿಂದ ಈ ವಿದ್ಯೆ ಕಲಿತರು. ಅಕ್ಷರ ಬಾರದ ಆಕೆ ಏಳು ದಶಕ ದುಡಿದು 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು. ಕಾಸು ಕೇಳಲಿಲ್ಲ. ತುಮಕೂರು ವಿಶ್ವವಿದ್ಯಾಲಯ 2014ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು, 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಡಿಸೆಂಬರ್ 25ರಂದು 98ರ ವಯಸ್ಸಲ್ಲಿ ಬೆಂಗಳೂರಲ್ಲಿ ತೀರಿಕೊಂಡರು. ಆ ಗೌರವ ಸಲ್ಲಬೇಕಾದ್ದೇ. ಆದರೆ ಆಕೆಯಂಥ ಎಷ್ಟು ಜನ ಹೆಸರಿಲ್ಲದೆ ಮಣ್ಣಾದರು? ‘ಕಾಸು ಕೇಳಲಿಲ್ಲ’ ಅಂತ ನಾವು ಹೊಗಳುತ್ತೇವೆ. ಡಾಕ್ಟರನ್ನು ಹೀಗೆ ಹೊಗಳುತ್ತೇವಾ? ಹೆಂಗಸಿನ ದುಡಿಮೆಗೆ, ಅದರಲ್ಲೂ ಬಡ ಹೆಂಗಸಿನ ದುಡಿಮೆಗೆ, ಹೊಗಳಿಕೆಯೇ ಕೂಲಿ.

*

ಈಗ ಜಯನಗರಕ್ಕೆ ಬರೋಣ. 1948ರಲ್ಲಿ ಈ ಬಡಾವಣೆ ಶುರುವಾಯಿತು. ಭೈರಸಂದ್ರ, ಯಡಿಯೂರು ಮುಂತಾದ ಹಳ್ಳಿಗಳು ಇದರ ಹೊಟ್ಟೆಯೊಳಗೆ ಸೇರಿದವು. ಆಮೇಲೆ ಬನಶಂಕರಿ, ಜೆ.ಪಿ. ನಗರ. ಭೈರಸಂದ್ರ, ತಾವರೆಕೆರೆ, ಮಡಿವಾಳ ಮೂರೂ ಸೇರಿ ಬಿಟಿಎಂ ಎಂಬ ಮೂರಕ್ಷರವಾದವು. ಸಾಲುಮರ, ಪಾರ್ಕು, ನರ್ಸಿಂಗ್ ಹೋಮುಗಳು ಬಂದವು. ಇವುಗಳ ಮಗ್ಗುಲಲ್ಲೇ ರಾಗಿಗುಡ್ಡ, ಯಾರಬ್ ನಗರ, ಗುರಪ್ಪನಪಾಳ್ಯದಂಥ ಕೇರಿಗಳೂ ಬೆಳೆದವು. ಬಂಗಲೆ ಕಟ್ಟಿದವರು, ಕಸ ಎತ್ತುವವರು, ಪಾತ್ರೆ ತಿಕ್ಕುವವರು ಇರಬೇಕಲ್ಲ!

ಒಂದೇ ರಸ್ತೆಯಲ್ಲಿ ಎರಡು ಚೊಚ್ಚಲ ಬಸಿರು. ಮೇಲ್ಮನೆಯ ಮಗಳಿಗೆ ಮೂರನೇ ತಿಂಗಳ ಸ್ಕ್ಯಾನಿಂಗ್, ಐದನೇ ತಿಂಗಳ ಸ್ಕ್ಯಾನಿಂಗ್, ಫೋಲಿಕ್ ಆಸಿಡ್ ಮಾತ್ರೆ, ದಾಳಿಂಬೆ, ಬಾದಾಮಿ, ಸಂಜೆ ಪಾರ್ಕಲ್ಲಿ ನಡಿಗೆ. ಸೀಮಂತದ ಹಿತ್ತಾಳೆ ತಟ್ಟೆಗಳನ್ನು ಹುಣಿಸೆಹಣ್ಣು ಹಾಕಿ ಉಜ್ಜಿದವಳೂ ಬಸುರಿಯೇ. ಅವಳು ನಸುಕಿಗೆ ಎದ್ದು ನಲ್ಲಿ ನೀರು ಹಿಡಿದು, ಮೂರು ಮನೆ ಪಾತ್ರೆ ತೊಳೆದು, ಕುಕ್ಕುರುಗಾಲಲ್ಲಿ ಕೂತು ನೆಲ ಒರೆಸಿ ಬರುತ್ತಾಳೆ. ಐದು ತಿಂಗಳಾದರೂ ಸೆರಗು ಹೊದ್ದು ಹೊಟ್ಟೆ ಮುಚ್ಚಿಕೊಳ್ಳುತ್ತಾಳೆ, ಗೊತ್ತಾದರೆ ‘ನಾಳೆಯಿಂದ ಬೇಡಮ್ಮ’ ಅಂದುಬಿಟ್ಟರೆ? ಅತ್ತ ಮೇಲ್ಮನೆಯ ಬಾಣಂತಿಗೆ ಎಣ್ಣೆ ನೀವಿ, ಬಿಸಿನೀರು ಎರೆದು, ಸಾಂಬ್ರಾಣಿ ಹೊಗೆ ಹಾಕಲು ಬರುವವಳು ತನ್ನ ಬಾಣಂತನದಲ್ಲಿ ಎಷ್ಟು ದಿನ ಮಲಗಿದ್ದಳು? ಕೇಳಿ ನೋಡಿ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತವೆ. ದೊಡ್ಡ ಗೆಲುವೇ. ಆದರೆ ಅದೇ ಸಮೀಕ್ಷೆಯಲ್ಲಿ ನೂರು ಬಸುರಿಯರಲ್ಲಿ 45ಕ್ಕೂ ಹೆಚ್ಚು ಜನರಿಗೆ ರಕ್ತಹೀನತೆ. ಅಂದರೆ ಡೆಸಿಲೀಟರ್ ರಕ್ತದಲ್ಲಿ ಹಿಮೋಗ್ಲೋಬಿನ್ 11 ಗ್ರಾಂ ಕೂಡ ಇಲ್ಲ. ಕಬ್ಬಿಣದ ಮಾತ್ರೆ ಕೊಡುತ್ತಾರೆ, ಸರಿ. ಅದನ್ನು ಟೀ ಜೊತೆ ನುಂಗಿದರೆ ಮೈಗೆ ಹತ್ತೋದು ಕಡಿಮೆ. ಖಾಲಿ ಹೊಟ್ಟೆಗೆ ಟೀ ಕುಡಿದೇ ಕೆಲಸಕ್ಕೆ ಓಡುವವಳಿಗೆ ಇದನ್ನು ಯಾರು ಹೇಳಬೇಕು? ಅದೇ ಸಮೀಕ್ಷೆಯಲ್ಲಿ ಇನ್ನೊಂದು ಲೆಕ್ಕ: ರಾಜ್ಯದ ಖಾಸಗಿ ಆಸ್ಪತ್ರೆಗಳಲ್ಲಿ ಅರ್ಧಕ್ಕೂ ಹೆಚ್ಚು ಹೆರಿಗೆ ಸಿಸೇರಿಯನ್. ಒಬ್ಬಳಿಗೆ ರಕ್ತ ಸಾಲದು, ಇನ್ನೊಬ್ಬಳಿಗೆ ಕತ್ತರಿ ಜಾಸ್ತಿ.

*

ಈ ವಿಶ್ರಾಂತಿಯ ಪ್ರಶ್ನೆಯನ್ನು ಹಕ್ಕಿನ ಪ್ರಶ್ನೆಯಾಗಿ ಎತ್ತಿದವರಲ್ಲಿ ಬಾಬಾಸಾಹೇಬರು ಮೊದಲಿಗರು. 1928ರಲ್ಲಿ ಮುಂಬೈ ಶಾಸನ ಪರಿಷತ್ತಿನಲ್ಲಿ ಹೆರಿಗೆ ಭತ್ಯೆಯ ಮಸೂದೆ ಬಂದಾಗ ಅವರು ಅದರ ಪರ ನಿಂತರು. ಹೆರಿಗೆಯ ಹಿಂದೆ ಮುಂದೆ ತಾಯಿಗೆ ವಿಶ್ರಾಂತಿ ಸಿಗುವುದು ಇಡೀ ನಾಡಿನ ಹಿತ, ಆದ್ದರಿಂದ ಸರ್ಕಾರವೂ ಭಾರ ಹೊರಬೇಕು; ಆಕೆಯ ದುಡಿಮೆಯಿಂದ ಲಾಭ ಪಡೆಯುವ ಮಾಲೀಕನೂ ಹೊರಬೇಕು ಅನ್ನೋದು ಅವರ ವಾದ. 1929ರಲ್ಲಿ ಮುಂಬೈ ಪ್ರಾಂತ್ಯಕ್ಕೆ ಕಾಯ್ದೆ ಬಂತು. 1961ರಲ್ಲಿ ದೇಶಕ್ಕೆಲ್ಲ ಹೆರಿಗೆ ಸೌಲಭ್ಯ ಕಾಯ್ದೆ ಬಂತು, 12 ವಾರ ಸಂಬಳದ ರಜೆ. 2017ರಲ್ಲಿ ಮೊದಲ ಎರಡು ಹೆರಿಗೆಗೆ ಅದು 26 ವಾರವಾಯಿತು. 2025ರ ನವೆಂಬರಿನಲ್ಲಿ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಇದೂ ಸೇರಿತು.

ಕೇಳೋದಕ್ಕೆ ಚೆಂದ. ಆದರೆ ಇದು ಕಾರ್ಖಾನೆಗೆ, ಅಂಗಡಿಗೆ, ಕಚೇರಿಗೆ. ಮನೆಗೆಲಸದವಳ ಕೆಲಸದ ಜಾಗ ಬೇರೆಯವರ ಅಡುಗೆಮನೆ. ಕಾಯ್ದೆಯ ಕಣ್ಣಿಗೆ ಅದು ‘ಸಂಸ್ಥೆ’ ಅಲ್ಲ. 2004ರಲ್ಲಿ ಕರ್ನಾಟಕ ಮನೆಗೆಲಸದವರಿಗೆ ಕನಿಷ್ಠ ಕೂಲಿ ಗೊತ್ತುಮಾಡಿತು. ಆದರೆ ಬಾಣಂತನದ 26 ವಾರ ಅವಳಿಗೆ ಸಿಗಲಿಲ್ಲ. ಇನ್ನು ಹೊಸೂರು ರಸ್ತೆಯ ಗಾರ್ಮೆಂಟ್ ಹೆಣ್ಣುಮಕ್ಕಳು: 2016ರ ಏಪ್ರಿಲ್‌ನಲ್ಲಿ ಪಿ.ಎಫ್. ಹಣ ಹಿಂದಕ್ಕೆ ಪಡೆಯಲು ಕೇಂದ್ರ ತಡೆ ಹಾಕಿದಾಗ ಸಾವಿರಾರು ಜನ ಬೀದಿಗಿಳಿದರು, ನಿಯಮ ವಾಪಸಾಯಿತು. ಬಸಿರು, ಬಾಣಂತನ ಅಂತ ಕೆಲಸ ಬಿಡಬೇಕಾದವಳಿಗೆ ಆ ಗಂಟೇ ಗತಿ ಅನ್ನೋದು ಅವರಿಗೆ ಗೊತ್ತಿತ್ತು.

ಸರ್ಕಾರವೂ ಮಡಿಲು ತುಂಬಲು ಬಂತು. 2007ರಲ್ಲಿ ‘ಮಡಿಲು’ ಕಿಟ್ ಬಂತು: ಹೊದಿಕೆ, ಸೊಳ್ಳೆಪರದೆ, ಸೋಪು, ಕೂಸಿನ ಟೋಪಿ. 2017ರ ಅಕ್ಟೋಬರ್ 2ರಂದು ‘ಮಾತೃಪೂರ್ಣ’ ಬಂತು, ಅಂಗನವಾಡಿಯಲ್ಲಿ ಬಸುರಿ ಬಾಣಂತಿಯರಿಗೆ ಬಿಸಿಯೂಟ. ಒಳ್ಳೆಯದೇ. ಆದರೆ ಕೊಡೋ ಕೈ ಲೆಕ್ಕ ಹಾಕುತ್ತಲೇ ಕೊಟ್ಟಿತು. 2013ರ ಆಹಾರ ಭದ್ರತಾ ಕಾಯ್ದೆ ಬಸುರಿಗೆ ಕನಿಷ್ಠ 6,000 ರೂಪಾಯಿ ಅಂದಿತ್ತು. 2017ರಲ್ಲಿ ಮಾತೃವಂದನಾ ಯೋಜನೆ ಬಂದಾಗ ಅದು 5,000 ಆಯಿತು, ಮೊದಲ ಕೂಸಿಗೆ ಮಾತ್ರ ಅಂತಾಯಿತು, ಅದೂ ಕಂತಿನಲ್ಲಿ. ಕಾಯ್ದೆಯ ಮಾತನ್ನು ಯೋಜನೆ ನುಂಗಿತು!

ಮತ್ತೆ ಕಾಗದ. ತಾಯಿ ಕಾರ್ಡ್ ಅನ್ನೋದು ಬಸುರಿಯ ತೂಕ, ರಕ್ತದೊತ್ತಡ, ಚುಚ್ಚುಮದ್ದು ಬರೆದಿಡುವ ಒಳ್ಳೆ ಸಾಧನ. 2022ರ ನವೆಂಬರಿನಲ್ಲಿ ಅದೇ ಬಾಗಿಲಿಗೆ ಅಗುಳಿಯಾಯಿತು. ತುಮಕೂರಲ್ಲಿ ವಾಸವಿದ್ದ ಒಬ್ಬ ಬಡ ತಮಿಳು ತಾಯಿ ನೋವು ತಿನ್ನುತ್ತಾ ಜಿಲ್ಲಾಸ್ಪತ್ರೆಗೆ ಹೋದಳು. ತಾಯಿ ಕಾರ್ಡ್ ಇಲ್ಲ, ಆಧಾರ್ ಇಲ್ಲ ಅಂತ ವಾಪಸು ಕಳಿಸಿದರು ಅಂತ ಪತ್ರಿಕೆಗಳೆಲ್ಲ ಬರೆದವು. ಮನೆಯಲ್ಲೇ ಅವಳಿ ಕೂಸುಗಳು ಹುಟ್ಟಿದವು. ತಾಯಿ, ಎರಡು ಕೂಸು, ಮೂವರೂ ತೀರಿಕೊಂಡರು. ಸರ್ಕಾರ ಸಿಬ್ಬಂದಿಯನ್ನು ಅಮಾನತು ಮಾಡಿತು. ಹಿಂದೆ ಜಾತಿ ಕೇಳಿ ಹೊಸಿಲು ದಾಟಿಸುತ್ತಿರಲಿಲ್ಲ. ಈಗ ಕಾರ್ಡು ಕೇಳುತ್ತಾರೆ.

*

ಇವತ್ತು ಈ ಕೇರಿಗಳಲ್ಲಿ ಬಸುರಿಯ ಕೈ ಹಿಡಿದು ಆಸ್ಪತ್ರೆಗೆ ಕರೆದೊಯ್ಯುವವಳು ಆಶಾ ಕಾರ್ಯಕರ್ತೆ. ಅವಳಿಗೆ ಸಂಬಳ ಇಲ್ಲ, ‘ಗೌರವಧನ’. 2025ರ ಜನವರಿಯ ಚಳಿಯಲ್ಲಿ ರಾಜ್ಯದ ಆಶಾ ಹೆಂಗಸರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲು ರಾತ್ರಿ ಕೂತರು. ಸೂಲಗಿತ್ತಿಗೆ ಒಂದು ಸೇರು ಅಕ್ಕಿ, ಒಂದು ಹಳೆ ಸೀರೆ ಕೊಟ್ಟು ‘ಪುಣ್ಯದ ಕೆಲಸ’ ಅಂದ ಊರಗೌಡನ ಬುದ್ಧಿಯನ್ನೇ ಸರ್ಕಾರವೂ ಕಲಿತಿದೆ.

ಗೆಳೆಯರೇ, ನಾವು ಕೇಳಬೇಕಾದ್ದು ದಾನ ಅಲ್ಲ. ಹೆರಿಗೆ ನೋವಿನಲ್ಲಿ ಬಂದವಳನ್ನು ಯಾವ ಕಾಗದವೂ ಕೇಳದೆ ಒಳಗೆ ಕರೆಯಬೇಕು. ಮನೆಗೆಲಸದವಳಿಗೂ ಸಂಬಳದ ಬಾಣಂತನ ಬೇಕು. ಅದರ ಖರ್ಚನ್ನು ಕೆಲಸಕ್ಕಿಟ್ಟುಕೊಂಡವರೂ ಸರ್ಕಾರವೂ ಹೊರಬೇಕು, 1928ರ ವಾದವೇ ಇದು. ಆಶಾಗಳಿಗೆ ಸಂಬಳ ಅನ್ನುವ ಹೆಸರಲ್ಲೇ ಸಂಬಳ ಬೇಕು.

ಹಳ್ಳಿಯ ಮೇಷ್ಟರುಗಳಿಗೆ ಇನ್ನೊಂದು ಮಾತು. ನಿಮ್ಮ ಮಕ್ಕಳನ್ನು ಒಂದು ದಿನ ಕೇರಿಗೆ ಕಳಿಸಿ. ನಿಮ್ಮೂರಲ್ಲಿ ಹೆರಿಗೆ ಮಾಡಿಸುತ್ತಿದ್ದ ಅಜ್ಜಿ ಯಾರು, ಏನು ಮದ್ದು ಕೊಡುತ್ತಿದ್ದಳು, ಯಾರ ಮನೆಯ ಯಾವ ಬಾಗಿಲಿಂದ ಒಳಗೆ ಹೋಗುತ್ತಿದ್ದಳು, ಏನು ಕೊಡುತ್ತಿದ್ದರು ಅಂತ ಕೇಳಿ ಬರೆದುಕೊಂಡು ಬರಲಿ. ಆ ಅಜ್ಜಿಯರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಊರಿನ ಅರ್ಧ ಜನರನ್ನು ಭೂಮಿಗೆ ಇಳಿಸಿಕೊಂಡವಳ ಹೆಸರು ಶಾಲೆಯ ಗೋಡೆಯ ಮೇಲಾದರೂ ಇರಲಿ.