ನಾಟಿ ಓಟದಿಂದ ಟ್ರೆಡ್‌ಮಿಲ್‌ಗೆ: ಪೊನ್ನಂಪೇಟೆ ಸೀಮೆಯ ಓಟದ ಹಾದಿ

ಪೊನ್ನಂಪೇಟೆ ಸೇರಿದಂತೆ ಕೊಡಗಿನ ಓಟಕ್ಕೆ ಹಳೆಯ ಅಂಗಳವೆಂದರೆ ಭತ್ತದ ಗದ್ದೆ. ಮುಂಗಾರಿನ ನಡುವೆ ನಾಟಿ ಮುಗಿಯುತ್ತಾ ಬಂದಾಗ ಮನೆಯವರ ಅತಿ ದೊಡ್ಡ ಗದ್ದೆಯಲ್ಲಿ ಈ ತುದಿಯಿಂದ ಆ ತುದಿಯವರೆಗೆ ಸುಮಾರು 10 ಅಡಿ ಅಗಲದ ಪಟ್ಟಿಯೊಂದನ್ನು ನೆಡದೆ ಉಳಿಸುತ್ತಿದ್ದರು. ಅದೇ ನಾಟಿ ಓಟದ ಹಾದಿ. ಗದ್ದೆಗಿಳಿದಿದ್ದ ಗಂಡಸರು ಒಮ್ಮೆಗೆ ನಾಲ್ಕೈದು ಮಂದಿಯಂತೆ ಆ ಕೆಸರಿನಲ್ಲಿ ಓಡುತ್ತಿದ್ದರು. 1870ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ರೆವರೆಂಡ್ ರಿಕ್ಟರ್ ಅವರ ಕೊಡಗಿನ ಕೈಪಿಡಿಯಲ್ಲಿ ಈ ಓಟದ ವಿವರವಿದೆ, ಬಹುಮಾನಗಳ ಪಟ್ಟಿಯೂ ಇದೆ: ಮೊದಲು ಬಂದವನಿಗೆ ಬಟ್ಟೆ, ಎರಡನೆಯವನಿಗೆ ಬಾಳೆಗೊನೆ, ಮೂರನೆಯವನಿಗೆ ಹಲಸಿನ ಹಣ್ಣು. ಓಟ ಮುಗಿದ ಮೇಲೆ ಆ ಪಟ್ಟಿಗೂ ಪೈರು ನೆಟ್ಟರೆ ವರ್ಷದ ನಾಟಿ ಪೂರೈಸಿದಂತೆ.

ಮೊಣಕಾಲಿನವರೆಗೆ ಹೂಳುವ ಕೆಸರಿನಲ್ಲಿ ದಾಪುಗಾಲು ಹಾಕಿದವನು ಅಲ್ಲೇ ಸಿಕ್ಕಿಕೊಳ್ಳುತ್ತಾನೆ. ಕಾಲನ್ನು ಮೈಯಡಿಗೇ ಇಟ್ಟು, ಚಿಕ್ಕ ಹೆಜ್ಜೆಗಳನ್ನು ಬೇಗ ಬೇಗ ಕಿತ್ತುಹಾಕುವವನು ಮುಂದೆ ಹೋಗುತ್ತಾನೆ. ಇದನ್ನು ಹೇಳಿಕೊಡಲು ತರಬೇತುದಾರ ಬೇಕಿರಲಿಲ್ಲ, ಗದ್ದೆಯೇ ಕಲಿಸುತ್ತಿತ್ತು. ಇಂದು ಮಳೆಗಾಲದಲ್ಲಿ ಊರೂರಿನ ಸಂಘಗಳು ನಡೆಸುವ ಕೆಸರುಗದ್ದೆ ಕ್ರೀಡಾಕೂಟಗಳು ಇದೇ ಪದ್ಧತಿಯ ಮುಂದುವರಿಕೆ, ಬಾಳೆಗೊನೆಯ ಜಾಗಕ್ಕೆ ಟ್ರೋಫಿ ಬಂದಿದೆ ಅಷ್ಟೆ.

ನಾಟಿಯ ನಂತರ, ಸೆಪ್ಟೆಂಬರ್ ಮೊದಲ ವಾರದ ಹೊತ್ತಿಗೆ ಆಯುಧಪೂಜೆಯ ಹಬ್ಬ ಕೈಲ್ ಪೊಳ್ದ್. ಕೋವಿ, ಒಡಿಕತ್ತಿಗಳಿಗೆ ಪೂಜೆ ಸಲ್ಲಿಸಿ, ಕಡಂಬಿಟ್ಟು, ಪಂದಿಕರಿಯ ಊಟವಾದ ಮೇಲೆ ಊರವರು ಮಂದ್ ಎಂಬ ಊರಬಯಲಿನಲ್ಲಿ ಸೇರಿ ತೆಂಗಿನಕಾಯಿಗೆ ಗುಂಡು ಹೊಡೆಯುವುದು, ಓಡುವುದು, ಜಿಗಿಯುವುದು ವಾಡಿಕೆ. ಅಲ್ಲಿಯೂ ಗಡಿಯಾರಕ್ಕೆ ಕೆಲಸವಿರಲಿಲ್ಲ. ಯಾರು ಯಾರಿಗಿಂತ ಮುಂದೆ ಎಂಬುದೇ ಲೆಕ್ಕ.

ಸೆಕೆಂಡಿನ ಲೆಕ್ಕವನ್ನು ಈ ಸೀಮೆಗೆ ತಂದದ್ದು ಶಾಲೆಯ ಮೈದಾನ ಮತ್ತು ಸೈನ್ಯ. ಸೇನಾ ಭರ್ತಿಯ ಓಟ 1.6 ಕಿಲೋಮೀಟರ್, 5 ನಿಮಿಷ 30 ಸೆಕೆಂಡಿನೊಳಗೆ ಮುಗಿಸಿದವರಿಗೆ ಪೂರ್ಣ ಅಂಕ ಎಂಬ ನಿಯಮ ಬಹುಕಾಲ ಜಾರಿಯಲ್ಲಿತ್ತು. ಸೇನಾನಿಗಳಾದ ಕಾರ್ಯಪ್ಪ, ತಿಮ್ಮಯ್ಯನವರ ನಾಡಿನಲ್ಲಿ ಆ ಐದೂವರೆ ನಿಮಿಷಕ್ಕಾಗಿ ಬೆಳಗಿನ ಜಾವ ರಸ್ತೆಗಿಳಿದ ಹುಡುಗರಿಗೆ ಲೆಕ್ಕವಿಲ್ಲ. ಜೊತೆಗೆ ಹಾಕಿ ಬಂತು. ಪಾಂಡಂಡ ಕುಟ್ಟಪ್ಪ 1997ರಲ್ಲಿ ಕರಡ ಗ್ರಾಮದಲ್ಲಿ 60 ಕುಟುಂಬಗಳ ತಂಡಗಳೊಂದಿಗೆ ಆರಂಭಿಸಿದ ಕೊಡವ ಕೌಟುಂಬಿಕ ಹಾಕಿ ಮುಂದೆ ನೂರಾರು ಕುಟುಂಬಗಳ ಹಬ್ಬವಾಯಿತು. ಪೊನ್ನಂಪೇಟೆಯಲ್ಲಿ ಸರ್ಕಾರಿ ಕ್ರೀಡಾ ಶಾಲೆ, ಸಿಂಥೆಟಿಕ್ ಹಾಕಿ ಟರ್ಫ್ ಇವೆ. ಹಾಕಿ ಆಟಗಾರನ ಓಟ ಒಂದೇ ಸಮನೆ ಸಾಗುವುದಲ್ಲ: ರಭಸ, ನಡಿಗೆ, ಮತ್ತೆ ರಭಸ. ಟ್ರ್ಯಾಕ್‌ನಲ್ಲಿ ಈ ನಾಡಿಗೆ ಹೆಸರು ತಂದವರು ಅಶ್ವಿನಿ ನಾಚಪ್ಪ. ಪಿ.ಟಿ. ಉಷಾ ಅವರನ್ನು ಹಿಂದಿಕ್ಕಿದ ಈ ಓಟಗಾರ್ತಿ 1988ರಲ್ಲಿ ಅರ್ಜುನ ಪ್ರಶಸ್ತಿ ಪಡೆದರು; ಮುಂದೆ ಪೊನ್ನಂಪೇಟೆಗೆ ಹತ್ತಿರದ ಗೋಣಿಕೊಪ್ಪ ಬಳಿ ಕ್ರೀಡೆಗೆ ಒತ್ತು ಕೊಡುವ ಶಾಲೆಯೊಂದನ್ನು ಕಟ್ಟಿದರು.

ನೆಲವೇ ಓಡುವ ಯಂತ್ರವಾದ ಟ್ರೆಡ್‌ಮಿಲ್ ಹುಟ್ಟಿದ್ದು ಮಾತ್ರ ಆಟದ ಬಯಲಿನಲ್ಲಲ್ಲ, ಜೈಲಿನಲ್ಲಿ. 1818ರ ಸುಮಾರಿಗೆ ಇಂಗ್ಲೆಂಡಿನ ಎಂಜಿನಿಯರ್ ವಿಲಿಯಂ ಕ್ಯೂಬಿಟ್ ಕೈದಿಗಳಿಗಾಗಿ ಮೆಟ್ಟಿಲಿನ ದೊಡ್ಡ ಚಕ್ರವೊಂದನ್ನು ರೂಪಿಸಿದ. ಗಂಟೆಗಟ್ಟಲೆ ಮೆಟ್ಟುವುದು, ಕೆಲವೆಡೆ ಧಾನ್ಯ ಬೀಸಲು ಇಲ್ಲವೆ ನೀರೆತ್ತಲು, ಹಲವೆಡೆ ಯಾವ ಪ್ರಯೋಜನಕ್ಕೂ ಅಲ್ಲ. 1898ರ ಕಾನೂನು ಬ್ರಿಟನ್ನಿನಲ್ಲಿ ಆ ಶಿಕ್ಷೆಗೆ ತೆರೆ ಎಳೆಯಿತು. 1952ರಲ್ಲಿ ಸಿಯಾಟಲ್‌ನ ಹೃದ್ರೋಗ ತಜ್ಞ ರಾಬರ್ಟ್ ಬ್ರೂಸ್ ಮತ್ತು ಎಂಜಿನಿಯರ್ ವೇಯ್ನ್ ಕ್ವಿಂಟನ್ ಮೋಟಾರಿನಿಂದ ಓಡುವ ಪಟ್ಟಿಯನ್ನು ಆಸ್ಪತ್ರೆಗೆ ತಂದರು. ಬ್ರೂಸ್ ಹೆಸರಿನ ಪರೀಕ್ಷೆ ಗಂಟೆಗೆ 2.7 ಕಿಲೋಮೀಟರ್ ವೇಗ, ಶೇ 10ರ ಏರಿನಿಂದ ಶುರುವಾಗಿ ಪ್ರತಿ 3 ನಿಮಿಷಕ್ಕೆ ವೇಗ, ಏರು ಎರಡನ್ನೂ ಹೆಚ್ಚಿಸುತ್ತದೆ. ಕರ್ನಾಟಕದ ಆಸ್ಪತ್ರೆಗಳಲ್ಲಿ ‘ಟಿಎಂಟಿ (ಟ್ರೆಡ್‌ಮಿಲ್ ಟೆಸ್ಟ್) ಮಾಡಿಸಿ’ ಎಂದು ಬರೆದುಕೊಡುವುದು ಇದನ್ನೇ. ಎಷ್ಟೋ ಹಿರಿಯರು ಟ್ರೆಡ್‌ಮಿಲ್ ಮೇಲೆ ಮೊದಲ ಹೆಜ್ಜೆ ಇಟ್ಟದ್ದು ಎದೆಗೆ ತಂತಿ ಅಂಟಿಸಿಕೊಂಡೇ.

ಮನೆಗೆ, ಜಿಮ್‌ಗೆ ಅದು ಬರಲು ಕಾರಣವಾದದ್ದು ಕೆನೆತ್ ಕೂಪರ್ ಎಂಬ ಅಮೆರಿಕನ್ ವೈದ್ಯ 1968ರಲ್ಲಿ ಪ್ರಕಟಿಸಿದ ‘ಏರೋಬಿಕ್ಸ್’ ಎಂಬ ಪುಸ್ತಕ. ಅದನ್ನು ಓದಿದ ವಿಲಿಯಂ ಸ್ಟಾಬ್ ಎಂಬ ಎಂಜಿನಿಯರ್ ಮನೆಬಳಕೆಗೆ ಅಗ್ಗದ ಯಂತ್ರ ತಯಾರಿಸಿದ. ಅಲ್ಲಿಂದ ಕೊಡಗಿನ ಪೇಟೆಗಳ ಜಿಮ್ ತಲುಪಲು ಕೆಲವು ದಶಕಗಳೇ ಹಿಡಿದವು. ಇಲ್ಲಿ ಒಳಗೆ ಓಡಲು ಗಟ್ಟಿ ಕಾರಣಗಳಿವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದೆ ಸುರಿಯುವ ಮಳೆ. ಕಾಫಿ ತೋಟದ ರಸ್ತೆಗಳಲ್ಲಿ ನಸುಕಿಗೆ ಎದುರಾಗಬಹುದಾದ ಆನೆ. ದಕ್ಷಿಣ ಕೊಡಗಿನಲ್ಲಿ ಆಗಾಗ ಹುಲಿಯ ಭಯ. ಆದರೆ ಗಾಳಿಮಳೆಗೆ ಮರ ಬಿದ್ದು ಕರೆಂಟು ಹೋದರೆ ಪಟ್ಟಿಯೂ ನಿಲ್ಲುತ್ತದೆ. ಮಳೆಗೆ ಹೆದರಿ ಒಳಗೆ ಬಂದವನನ್ನು ಮಳೆ ಅಲ್ಲಿಯೂ ಬಿಡುವುದಿಲ್ಲ.

ಕೆಲಸ ಮುಗಿಸಿ ಜಿಮ್‌ಗೆ ಬರುವ ಸಾಮಾನ್ಯ ಓಟಗಾರ ಗಂಟೆಗೆ 8 ಕಿಲೋಮೀಟರ್ ಆಸುಪಾಸಿನಲ್ಲಿ ಓಡುತ್ತಾನೆ. ಸೇನಾ ಭರ್ತಿಯ ಆ ಐದೂವರೆ ನಿಮಿಷವನ್ನು ಯಂತ್ರದ ಅಂಕಿಗೆ ಇಳಿಸಿದರೆ ಗಂಟೆಗೆ ಸುಮಾರು 17.5 ಕಿಲೋಮೀಟರ್! ವೇಗದ ಗುಂಡಿಯನ್ನು ದಿನಾ ಒಂದೊಂದು ಸಲ ಹೆಚ್ಚು ಒತ್ತಿ ಈ ಅಂತರ ತುಂಬುವುದಿಲ್ಲ. 1930ರ ದಶಕದಲ್ಲಿ ಜರ್ಮನಿಯ ತರಬೇತುದಾರ ವೋಲ್ಡೆಮಾರ್ ಗೆರ್ಷ್ಲರ್ ಮತ್ತು ವೈದ್ಯ ಹರ್ಬರ್ಟ್ ರೈಂಡೆಲ್ ಓಟಗಾರರ ನಾಡಿಯನ್ನು 180ರವರೆಗೆ ಏರಿಸಿ, 120ಕ್ಕೆ ಇಳಿದ ಮೇಲೆ ಮತ್ತೆ ಓಡಿಸುವ ಕ್ರಮವನ್ನು ರೂಪಿಸಿದರು. ಆ ಅಂಕಿಗಳು ಪಳಗಿದ ಓಟಗಾರರಿಗೆ. ಹವ್ಯಾಸಿಗೆ ಬೇಕಾದ್ದು ಅದರ ತತ್ವ ಮಾತ್ರ. ಒಂದೆರಡು ನಿಮಿಷ ಚುರುಕಾಗಿ ಓಡಿ, ಉಸಿರು ಹದಕ್ಕೆ ಬರುವವರೆಗೆ ನಡೆದು, ಮತ್ತೆ ಓಡುವುದು. ವಾರಕ್ಕೆ ಒಮ್ಮೆ ಇದು ಸಾಕು. ಉಳಿದ ದಿನಗಳ ಓಟ ಪಕ್ಕದವರೊಡನೆ ಮಾತಾಡುವಷ್ಟು ನಿಧಾನವಾಗಿರಬೇಕು. ಟ್ರೆಡ್‌ಮಿಲ್ ಈ ಕ್ರಮಕ್ಕೆ ಹೇಳಿ ಮಾಡಿಸಿದ್ದು, ವೇಗವನ್ನೂ ಹೊತ್ತನ್ನೂ ಅದು ತಪ್ಪದೆ ತೋರಿಸುತ್ತದೆ.

ಅದರ ಕೊರತೆಯೂ ಅಲ್ಲೇ ಇದೆ. ವೇಗವನ್ನು ಯಂತ್ರ ಕಾಯುವುದರಿಂದ ಓಟಗಾರ ತನ್ನ ಲಯ ತಾನೇ ಕಾಯುವುದನ್ನು ಕಲಿಯುವುದಿಲ್ಲ. ಎದುರುಗಾಳಿಯಿಲ್ಲ, ಅದನ್ನು ಸರಿದೂಗಿಸಲು ಶೇ 1ರ ಏರು ಇಡಬೇಕೆಂಬ ಮಾತಿಗೆ ಆಧಾರ ಜೋನ್ಸ್ ಮತ್ತು ಡೌಸ್ಟ್ 1996ರಲ್ಲಿ ಪ್ರಕಟಿಸಿದ ಅಧ್ಯಯನ. ಅದು ನೋಡಿದ್ದು ಗಂಟೆಗೆ 10.5 ಕಿಲೋಮೀಟರಿಗಿಂತ ಮೇಲಿನ ವೇಗವನ್ನು, ಹಾಗಾಗಿ ನಿಧಾನ ಓಟಕ್ಕೆ ಅದರ ಹಂಗಿಲ್ಲ. ಕೈಹಿಡಿ ಹಿಡಿದು ಓಡುವುದು ಇನ್ನೂ ಕೆಟ್ಟ ರೂಢಿ: ಮೈಭಾರದ ಒಂದು ಪಾಲು ತೋಳಿಗೆ ಹೋಗುತ್ತದೆ, ಪರದೆಯ ಅಂಕಿ ಸುಳ್ಳಾಗುತ್ತದೆ. ಪಟ್ಟಿಯ ಮುಂತುದಿಗೆ ಕಾಲು ಚಾಚುವವರಿಗೆ ಕೆಸರುಗದ್ದೆಯ ಚಿಕ್ಕ ಹೆಜ್ಜೆಯೇ ಮದ್ದು.

ಇನ್ನು ಇಳಿಜಾರು. ಹೆಚ್ಚಿನ ಜಿಮ್ ಯಂತ್ರಗಳು ಏರುತ್ತವೆಯೇ ಹೊರತು ಇಳಿಯುವುದಿಲ್ಲ. ಕೊಡಗಿನ ರಸ್ತೆಗಳಲ್ಲಿ ಹತ್ತಿದಷ್ಟೂ ಇಳಿಯಬೇಕು, ಇಳಿಯುವಾಗ ತೊಡೆಯ ಸ್ನಾಯುಗಳು ಹಿಗ್ಗುತ್ತಲೇ ಭಾರ ತಡೆಯುತ್ತವೆ. ಮಳೆಗಾಲವಿಡೀ ಒಳಗೆ ಓಡಿದವರು ಅಕ್ಟೋಬರ್‌ನಲ್ಲಿ ಹೊರಬಿದ್ದಾಗ ಎರಡು ದಿನ ಮೆಟ್ಟಿಲಿಳಿಯಲು ಪಾಡುಪಡುವುದು ಇದರಿಂದಲೇ. ಮೊದಲ ವಾರಗಳಲ್ಲಿ ಏರನ್ನು ಓಡಿ ಇಳಿಜಾರನ್ನು ನಡೆದರೆ ಆ ನೋವು ಬಹುಪಾಲು ತಪ್ಪುತ್ತದೆ.