ಸಂಡೂರಿನ ಕೆಂಪು

ಸಂಡೂರಿನ ಬೆಟ್ಟಗಳು ಕೆಂಪಗಿರುವುದು ಕಬ್ಬಿಣದ ತುಕ್ಕಿನಿಂದ. ತುಕ್ಕಿಗೆ ಆಮ್ಲಜನಕ ಬೇಕಷ್ಟೆ? ಆದರೆ ಸುಮಾರು 270 ಕೋಟಿ ವರ್ಷಗಳ ಹಿಂದೆ ಈ ಕಬ್ಬಿಣ ಕಡಲ ತಳದಲ್ಲಿ ಪದರಪದರವಾಗಿ ಕೂಡುತ್ತಿದ್ದಾಗ, ಗಾಳಿಯಲ್ಲಿ ಆಮ್ಲಜನಕ ಇರಲಿಲ್ಲವೆಂದೇ ಹೇಳಬೇಕು. ಹಾಗಾದರೆ ನೀರೊಳಗೆ ತುಕ್ಕು ಹಿಡಿಸಿದವರು ಯಾರು?

ಬಿಸಿಲುಂಡು ಬದುಕುತ್ತಿದ್ದ ಸೂಕ್ಷ್ಮಜೀವಿಗಳು ಎಂಬುದು ಹೆಚ್ಚಿನ ಭೂವಿಜ್ಞಾನಿಗಳ ಉತ್ತರ. ಅಂಥವು ಕಟ್ಟಿದ ಹಾಸು ಕಲ್ಲಾಗಿ, ಸ್ಟ್ರೊಮಾಟೊಲೈಟ್ ಎಂಬ ಹೆಸರಿನಲ್ಲಿ, ಸಂಡೂರಿನ ಸುಣ್ಣಕಲ್ಲಿನಲ್ಲೂ ಸಿಕ್ಕಿದೆ. ಅವು ಬಿಟ್ಟ ಆಮ್ಲಜನಕವನ್ನು ನೀರಿನ ಕಬ್ಬಿಣ ಬಂದಬಂದಂತೆ ನುಂಗಿ ತಳ ಸೇರುತ್ತಿತ್ತು. ಗಾಳಿಗೆ ಮಿಗುವಷ್ಟಾದದ್ದು ಸುಮಾರು 240 ಕೋಟಿ ವರ್ಷಗಳ ಹಿಂದೆ. ನಮ್ಮಂಥ ಉಸಿರಾಡುವ ಪ್ರಾಣಿಗಳಿಗೆ ದಾರಿಯಾದದ್ದು ಆಮೇಲೆಯೇ.

ಆ ತುಕ್ಕನ್ನು ನಾವು ಲಾರಿಗಟ್ಟಲೆ ಅಗೆದೆವು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಗೆ ತಡೆ ಹಾಕುವ ಹೊತ್ತಿಗೆ ಎಷ್ಟೋ ಗುಡ್ಡಗಳ ನೆತ್ತಿ ಹಡಗೇರಿ ಕಡಲು ದಾಟಿತ್ತು.